ಹಂಸಕ್ಕೂ ಕಾಣದ ವಿಷ

ಹಾಲನ್ನೂ ನೀರನ್ನೂ ಬೆರೆಸಿ ಮುಂದಿಟ್ಟರೆ ಹಾಲನ್ನಷ್ಟೇ ಹೀರಿ ನೀರನ್ನು ಉಳಿಸುವ ಹಂಸಪಕ್ಷಿಯ ಕಥೆ ನಮ್ಮ ಕವಿಗಳಿಗೆ ಬಹು ಪ್ರಿಯವಾದದ್ದು. ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಉಪಮಾನ ದೊರೆಯಲಾರದೆಂದು ಬಗೆದು ಹಿಂದಿನವರು ಇದನ್ನು ಹಂಸಕ್ಷೀರನ್ಯಾಯವೆಂದು ಕರೆದರು. ಆದರೆ ಈ ನ್ಯಾಯದ ಹಿಂದೆ ಒಂದು ನಂಬಿಕೆ ಅಡಗಿದೆ. ಹಾಲಿಗೆ ಸೇರಬಹುದಾದ ದೋಷವೆಂದರೆ ನೀರು. ಅದನ್ನು ಸೇರಿಸತಕ್ಕವನು ಮನುಷ್ಯ. ಬೇರ್ಪಡಿಸಿಬಿಟ್ಟರೆ ಉಳಿಯುವುದೆಲ್ಲ ಶುದ್ಧವಾದ ಹಾಲು ಎಂಬುದೇ ಆ ನಂಬಿಕೆ. ಹಾಲು ಹಾಕುವವನ ಮೇಲೆ ಗೃಹಿಣಿಗಿರುವ ಗುಮಾನಿಯೂ, ಹಾಲಿನ ಸಂಘದ ಕಾರ್ಯದರ್ಶಿಯ ಕೈಯಲ್ಲಿರುವ ಲ್ಯಾಕ್ಟೋಮೀಟರೂ ಇಂದಿಗೂ ಈ ನಂಬಿಕೆಯ ಮೇಲೆಯೇ ನಿಂತಿವೆ.

ಕೆಚ್ಚಲಿನಿಂದ ಇಳಿಯುವಾಗಲೇ ಹಾಲಿನೊಳಗೆ ಕೂಡಿಕೊಂಡಿರುವ, ಯಾರೂ ಬೇಕೆಂದು ಬೆರೆಸದ, ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ತನ್ನ ಸುಳಿವು ಕೊಡದ ವಿಷವೊಂದಿದೆಯೆಂದರೆ ನಮ್ಮ ಹಂಸ ಏನು ಮಾಡೀತು? ಅಂಥ ವಿಷ ಇದೆ. ಅದರ ಹೆಸರು ಅಫ್ಲಟಾಕ್ಸಿನ್ ಎಂ1. ಅದನ್ನು ಹುಡುಕುವ ಕಣ್ಣನ್ನು ವಿಜ್ಞಾನಿಗಳು ಗಾಜಿನಲ್ಲಿ ಕಡೆಯಲಿಲ್ಲ. ಪ್ರಾಣಿಯ ರಕ್ತದಿಂದ ಪಡೆದರು. ಆ ಕಣ್ಣಿನ ಕಥೆಯನ್ನೂ, ಅದು ನಮಗೆ ತೋರಿಸುತ್ತಿರುವುದು ಏನೆಂಬುದನ್ನೂ ತುಸು ವಿಚಾರಮಾಡುವುದು ಇಲ್ಲಿಯ ಉದ್ದೇಶ.

ಬೂಷ್ಟಿನ ಹೆಸರು

1960ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಟರ್ಕಿ ಕೋಳಿಯ ಮರಿಗಳು ಗುಂಪು ಗುಂಪಾಗಿ ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಸತ್ತವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಯಾವ ರೋಗಾಣುವೂ ಸಿಕ್ಕದೆ ವೈದ್ಯರು ಇದಕ್ಕೆ ‘ಟರ್ಕಿ ಎಕ್ಸ್ ರೋಗ’ವೆಂದು ಹೆಸರಿಟ್ಟು ಸುಮ್ಮನಾಗಬೇಕಾಯಿತು. ಸತ್ತ ಮರಿಗಳ ಮೇವಿನ ಜಾಡು ಹಿಡಿದು ಹೋದಾಗ ಎಲ್ಲ ದಾರಿಗಳೂ ಬ್ರೆಜಿಲ್ ದೇಶದಿಂದ ಬಂದಿದ್ದ ಕಡಲೆಕಾಯಿ ಹಿಂಡಿಯ ಕಡೆಗೆ ತಿರುಗಿದವು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಎಂದರೆ ಹಸಿರು ಬೆರೆತ ಹಳದಿಯ ಒಂದು ಬಗೆಯ ಬೂಷ್ಟು, ಬೆಳೆದಿತ್ತು. ಅದು ಸ್ರವಿಸಿದ ವಿಷಕ್ಕೆ ಅದರ ಹೆಸರಿನ ತುಣುಕುಗಳನ್ನೇ ಜೋಡಿಸಿ ಅಫ್ಲಟಾಕ್ಸಿನ್ ಎಂದು ನಾಮಕರಣವಾಯಿತು.

ಅತಿನೇರಳೆ ಕಿರಣವನ್ನು ಬೀರಿದರೆ ಈ ವಿಷದ ಒಂದು ಬಗೆ ನೀಲಿಯಾಗಿಯೂ ಇನ್ನೊಂದು ಹಸಿರಾಗಿಯೂ ಹೊಳೆಯುತ್ತದೆ. ಆ ಬಣ್ಣಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅವು ‘ಬಿ’ ಮತ್ತು ‘ಜಿ’ ಎನಿಸಿಕೊಂಡವು. ಇವುಗಳಲ್ಲಿ ಅತ್ಯಂತ ಕ್ರೂರವಾದದ್ದು ಬಿ1. ಇದು ಯಕೃತ್ತನ್ನು ಹಾಳುಮಾಡುತ್ತದೆ. ಬಹುಕಾಲ ಸ್ವಲ್ಪಸ್ವಲ್ಪವಾಗಿ ದೇಹವನ್ನು ಸೇರುತ್ತಿದ್ದರೆ ಅಲ್ಲಿ ಕ್ಯಾನ್ಸರನ್ನೂ ತರುತ್ತದೆ.

ಟರ್ಕಿ ಕೋಳಿಗಳನ್ನು ಕೊಂದ ಹಿಂಡಿಯನ್ನೇ ಹಸುಗಳೂ ತಿನ್ನುತ್ತಿದ್ದವಷ್ಟೆ. ಅವು ಅಷ್ಟು ಸುಲಭವಾಗಿ ಸಾಯಲಿಲ್ಲ. ಹಾಗಾದರೆ ವಿಷವೆಲ್ಲಿ ಹೋಯಿತು? ಇಂಗ್ಲೆಂಡಿನ ವೆಯ್‌ಬ್ರಿಜ್‌ನಲ್ಲಿದ್ದ ಪಶುವೈದ್ಯ ಪ್ರಯೋಗಶಾಲೆಯ ಆಲ್‌ಕ್ರಾಫ್ಟ್ ಮತ್ತು ಕಾರ್ನಘನ್ ಎಂಬವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ವಿಷಮಯವಾದ ಹಿಂಡಿ ತಿಂದ ಹಸುಗಳ ಹಾಲಿನಿಂದ ತೆಗೆದ ಸತ್ತ್ವವನ್ನು ಬಾತುಕೋಳಿಯ ಎಳೆಯ ಮರಿಗಳಿಗೆ ಉಣಿಸಿ ನೋಡಿದಾಗ, ಬೂಷ್ಟಿನ ವಿಷವನ್ನೇ ನೇರವಾಗಿ ತಿಂದ ಮರಿಗಳಲ್ಲಿ ಕಾಣುವಂಥ ಹಾನಿಯೇ ಅವುಗಳ ಯಕೃತ್ತಿನಲ್ಲೂ ಕಂಡಿತು. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಸುವಿನ ಯಕೃತ್ತು ತಾನು ಉಳಿಯುವುದಕ್ಕಾಗಿ ಬಿ1 ವಿಷದ ರೂಪವನ್ನು ತುಸು ಮಾರ್ಪಡಿಸಿ ಹೊರಕ್ಕೆ ತಳ್ಳುತ್ತದೆ. ಹಾಗೆ ತಳ್ಳುವ ದಾರಿಗಳಲ್ಲಿ ಕೆಚ್ಚಲೂ ಒಂದು. ಹಾಲಿಗೆ ಇಳಿದ ಈ ರೂಪಕ್ಕೆ ಹಾಲಿನ ಇಂಗ್ಲಿಷ್ ಹೆಸರಿನ ಮೊದಲಕ್ಷರವನ್ನೇ ಕೊಟ್ಟು ‘ಎಂ’ ಎಂದರು. ಕ್ಯಾನ್ಸರ್ ತರುವ ಶಕ್ತಿಯಲ್ಲಿ ಎಂ1 ತನ್ನ ತಾಯಿಯಾದ ಬಿ1ರ ಹತ್ತರಲ್ಲೊಂದು ಪಾಲು ಎಂದು ತಜ್ಞರು ಅಂದಾಜುಮಾಡಿದ್ದಾರೆ. ಆದರೆ ಅದನ್ನು ಕುಡಿಯುವವರಲ್ಲಿ ಮೊದಲಿಗರು ಯಾರೆಂಬುದನ್ನು ನೆನೆದಾಗ ಈ ರಿಯಾಯಿತಿ ಸಮಾಧಾನ ತರುವುದಿಲ್ಲ.

ಒಂದು ಸುತ್ತು

ಈ ವಿಷ ಸುತ್ತುವ ದಾರಿಯನ್ನು ನಮ್ಮ ಹಳ್ಳಿಯ ಕಣ್ಣಿನಿಂದ ನೋಡಿದರೆ ಅದು ಇನ್ನೂ ಸ್ಪಷ್ಟವಾಗುತ್ತದೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಗಿಡ ಬಾಡಿದರೆ ಬೂಷ್ಟು ನೆಲದಲ್ಲಿದ್ದಂತೆಯೇ ಕಾಯಿಯನ್ನು ಹೊಗುತ್ತದೆ. ಕಿತ್ತು ಒಣಹಾಕಿದ ಮೇಲೆ ಅಕಾಲದ ಮಳೆ ಹೊಡೆದರೂ, ಸರಿಯಾಗಿ ಒಣಗದೆ ಮೂಟೆ ಸೇರಿದರೂ ಅದಕ್ಕೆ ಹಬ್ಬ. ಒಳ್ಳೆಯ ಬೀಜವನ್ನು ಆರಿಸಿ ಮಾರುತ್ತಾರೆ. ಸೊರಗಿದ್ದು, ಸುಕ್ಕಿದ್ದು, ಬಣ್ಣಗೆಟ್ಟದ್ದು ಗಾಣಕ್ಕೆ ಹೋಗುತ್ತದೆ. ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲಿಯೇ ಉಳಿಯುತ್ತದೆ. ಹಿಂಡಿ ಹಸುವಿಗೆ ಸಲ್ಲುತ್ತದೆ. ಮನೆಯಲ್ಲಿ ಮುಗ್ಗಿದ ಜೋಳವಿದ್ದರೆ, ಹಸಿರು ಹಿಡಿದ ಹಿಂಡಿಯ ತುಂಡಿದ್ದರೆ, ಅದನ್ನು ತಿಪ್ಪೆಗೆ ಎಸೆಯಲು ಯಾರಿಗೂ ಮನಸ್ಸು ಬಾರದು. ಮನುಷ್ಯರಿಗಾಗದ್ದು ದನಕ್ಕಾದೀತೆಂದು ಕಲಗಚ್ಚಿಗೆ ಹಾಕುತ್ತಾರೆ. ಬಡತನದಲ್ಲಿ ಇದು ಜಿಪುಣತನವಲ್ಲ, ಮಿತವ್ಯಯ. ಆದರೆ ನಮಗಾಗದೆಂದು ಹಸುವಿನ ಮುಂದಿಟ್ಟದ್ದರ ಒಂದಂಶ ಮಾರನೆಯ ದಿನವೇ ಹಾಲಾಗಿ ನಮ್ಮ ಮಗುವಿನ ಲೋಟಕ್ಕೆ ಮರಳುತ್ತದೆ. ಬಿ1 ತಿಂದ ಹಸುವಿನ ಹಾಲಿನಲ್ಲಿ ಎಂ1 ಕಾಣಿಸಿಕೊಳ್ಳಲು ಒಂದು ದಿನ ಸಾಕು. ಹಾಲೂಡಿಸುವ ತಾಯಿಯ ದೇಹದಲ್ಲಿಯೂ ಇದೇ ಮಾರ್ಪಾಡು ನಡೆಯುತ್ತದೆಂಬುದನ್ನು ಇಲ್ಲಿ ಮರೆಯಬಾರದು. ಮುಗ್ಗಿದ ಕಾಳನ್ನು ತಾಯಿ ತಿಂದರೂ ಎದೆಹಾಲಿನಲ್ಲಿ ಎಂ1 ಇಳಿಯುತ್ತದೆ.

ತಿಂದ ಬಿ1ರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು ಹಾಲಿಗೆ ಬರುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಆರರವರೆಗೂ ಏರಬಹುದು. ಲೆಕ್ಕವೊಂದನ್ನು ಹಾಕಿ ನೋಡೋಣ. ಕಿಲೋಗ್ರಾಮಿಗೆ 200 ಮೈಕ್ರೋಗ್ರಾಮಿನಷ್ಟು ಬಿ1 ಇರುವ ಹಿಂಡಿಯನ್ನು ಹಸುವೊಂದು ದಿನಕ್ಕೆ ಎರಡು ಕಿಲೋ ತಿಂದಿತೆಂದು ಇಟ್ಟುಕೊಳ್ಳೋಣ. ಒಟ್ಟು 400 ಮೈಕ್ರೋಗ್ರಾಂ. ನೂರಕ್ಕೆ ಎರಡರಂತೆ ಎಂಟು ಮೈಕ್ರೋಗ್ರಾಂ ಹಾಲಿಗೆ ಇಳಿಯಿತು. ಹಾಲು ಹತ್ತು ಲೀಟರಾದರೆ ಲೀಟರಿಗೆ 0.8 ಮೈಕ್ರೋಗ್ರಾಂ ಆಯಿತು. ಭಾರತದ ಕಾನೂನು ಒಪ್ಪುವ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಂ. ಹಸು ಆರೋಗ್ಯವಾಗಿದೆ, ಹಾಲು ಗಟ್ಟಿಯಾಗಿದೆ, ಕೆನೆ ದಪ್ಪವಾಗಿ ಕಟ್ಟುತ್ತದೆ. ಆದರೂ ಅದು ಕುಡಿಯತಕ್ಕ ಹಾಲಲ್ಲ.

ಕಾಯಿಸಿದರೆ ಹೋಗದೆ ಎಂದು ಯಾರಾದರೂ ಕೇಳಬಹುದು. ಹೋಗುವುದಿಲ್ಲ. ಉಕ್ಕಿಸಿ ಕಾಯಿಸಿದರೂ, ಪಾಶ್ಚರೀಕರಣಕ್ಕೆ ಒಳಪಡಿಸಿದರೂ ಈ ವಿಷ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಹಾಲಿನ ಕೇಸೀನ್ ಎಂಬ ಸಸಾರಜನಕಕ್ಕೆ ಅದು ಅಂಟಿಕೊಳ್ಳುವ ಸ್ವಭಾವದ್ದಾದ್ದರಿಂದ ಹಾಲನ್ನು ಒಡೆಸಿ ಗಿಣ್ಣು ಮಾಡುವಾಗ ತೂಕಕ್ಕೆ ತೂಕ ಲೆಕ್ಕಹಾಕಿದರೆ ಅಲ್ಲಿ ಹಾಲಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ಬೆಣ್ಣೆಗೆ ಹೋಗುವುದು ಮಾತ್ರ ಅತ್ಯಲ್ಪ.

ರಕ್ತದ ನೆನಪು

ನೂರು ಕೋಟಿ ಭಾಗಗಳಲ್ಲಿ ಅರ್ಧ ಭಾಗ! ಈ ಅಳತೆಯನ್ನು ಮನಸ್ಸು ಹಿಡಿಯುವುದೇ ಕಷ್ಟ. ಒಂದು ಗ್ರಾಂ ಎಂ1 ಇದ್ದರೆ ಇಪ್ಪತ್ತು ಲಕ್ಷ ಕಿಲೋಗ್ರಾಂ ಹಾಲನ್ನು ಕಾನೂನಿನ ಅಂಚಿಗೆ ತಂದು ನಿಲ್ಲಿಸಬಹುದು. ಇಂಥ ಅಣುಮಾತ್ರವನ್ನು ಹುಡುಕಲು ಆರಂಭದಲ್ಲಿ ಬಾತುಕೋಳಿಯ ಮರಿಗಳೇ ಬಲಿಯಾಗಬೇಕಿತ್ತು. ಆಮೇಲೆ ಹಾಲಿನ ಸತ್ತ್ವವನ್ನು ತೆಳುವಾದ ಫಲಕದ ಮೇಲೆ ಹರಿಸಿ ಅತಿನೇರಳೆ ಬೆಳಕಿನಲ್ಲಿ ಹೊಳಪನ್ನು ನೋಡುವ ವಿಧಾನ ಬಂತು. ಅನಂತರ ಇನ್ನೂ ಸೂಕ್ಷ್ಮವಾದ ಯಂತ್ರಗಳು ಬಂದವು. ಇವೆಲ್ಲವೂ ನಂಬತಕ್ಕವೇ. ಆದರೆ ನುರಿತ ಕೈಯನ್ನೂ, ಹೊತ್ತನ್ನೂ, ಹಣವನ್ನೂ ಬೇಡುವಂಥವು. ನಸುಕಿನಲ್ಲಿ ಕ್ಯಾನು ತುಂಬಿ ಮಧ್ಯಾಹ್ನಕ್ಕೆ ನಗರ ಸೇರಬೇಕಾದ ಹಾಲು ಅಷ್ಟು ಕಾಯುವುದಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಪ್ರತಿಕಾಯ. ಹೊರಗಿನ ವಸ್ತುವೊಂದು ಒಳಹೊಕ್ಕರೆ ಪ್ರಾಣಿಯ ರಕ್ತ ಅದರ ಆಕಾರಕ್ಕೆ ಸರಿಹೊಂದುವ ಒಂದು ಸಸಾರಜನಕವನ್ನು ನಿರ್ಮಿಸಿಕೊಳ್ಳುತ್ತದೆ; ಬೀಗಕ್ಕೆ ಕೀಲಿಯಂತೆ ಅದು ಆ ವಸ್ತುವನ್ನೇ ಹುಡುಕಿ ಹಿಡಿಯುತ್ತದೆ. ಸಿಡುಬಿಗೆ ದೇವಿ ಹಾಕಿಸಿಕೊಂಡವರ ದೇಹ ಆ ರೋಗವನ್ನು ನೆನಪಿಟ್ಟುಕೊಂಡದ್ದೂ ಇದೇ ಬಗೆಯಲ್ಲಿ. ಆದರೆ ಅಫ್ಲಟಾಕ್ಸಿನ್ ತೀರ ಪುಟ್ಟ ಕಣ. ಅದೊಂದೇ ಬಂದರೆ ರಕ್ತ ಅದನ್ನು ಗಮನಿಸುವುದೇ ಇಲ್ಲ. ಇಂಥ ಪುಟ್ಟ ಕಣಗಳನ್ನು ದೊಡ್ಡ ಸಸಾರಜನಕದ ಬೆನ್ನಿಗೆ ಕಟ್ಟಿ ಕಳುಹಿಸಿದರೆ ಮಾತ್ರ ರಕ್ತ ಅವನ್ನು ಗುರುತಿಸುತ್ತದೆಂಬ ಸಂಗತಿಯನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿಕೊಟ್ಟಿದ್ದ. 1977ರಲ್ಲಿ ಚು ಮತ್ತು ಯುಎನೊ ಎಂಬ ವಿಜ್ಞಾನಿಗಳು ಬಿ1ರ ವಿರುದ್ಧ ಮೊಲದಲ್ಲಿ ಪ್ರತಿಕಾಯವನ್ನು ಪಡೆದದ್ದು ಈ ಉಪಾಯದಿಂದಲೇ. ವಿಷವನ್ನು ಹೊರಲು ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಸಾರಜನಕ ಯಾವುದು ಗೊತ್ತೆ? ಹಸುವಿನ ರಕ್ತದ ಆಲ್ಬುಮಿನ್. ಹಾಲಿಗೆ ವಿಷವನ್ನು ಸಾಗಿಸಿದ ಗೋವೇ ಅದನ್ನು ಪತ್ತೆಹಚ್ಚುವುದಕ್ಕೂ ಬೆನ್ನು ಕೊಟ್ಟಿತು.

1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬವರು ಪ್ರತಿಕಾಯದ ಹಿಡಿತವನ್ನು ಬಣ್ಣವಾಗಿ ಕಾಣಿಸುವ ಎಲಿಸಾ ವಿಧಾನವನ್ನು ಪ್ರಕಟಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬವರು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ದಾರಿಯನ್ನು ತೋರಿಸಿದರು. ಇವೆರಡೂ ಕೂಡಿದ ಮೇಲೆ ಹಾಲಿನ ಪರೀಕ್ಷೆ ಸುಲಭವಾಯಿತು.

ಅದು ನಡೆಯುವ ರೀತಿಯನ್ನು ತಿಳಿಯಲು ಮದುವೆಮನೆಯ ಪಂಕ್ತಿಯನ್ನು ನೆನೆದುಕೊಂಡರೆ ಸಾಕು. ಸಾಲಾಗಿ ಎಲೆ ಹಾಕಿದೆ. ಒಂದು ಎಲೆಗೆ ಒಬ್ಬನೇ. ಈ ಎಲೆಗಳೇ ಪ್ರತಿಕಾಯಗಳು. ಪುಟ್ಟ ಗುಳಿಯ ತಳದಲ್ಲಿ ಅವುಗಳನ್ನು ಅಂಟಿಸಿರುತ್ತಾರೆ. ಪ್ರಯೋಗ ಮಾಡುವವನು ಕೆಂಪು ರುಮಾಲು ಸುತ್ತಿದ ನಿಗದಿಯಾದಷ್ಟು ಮಂದಿಯನ್ನು ತಾನೇ ಒಳಕ್ಕೆ ಬಿಡುತ್ತಾನೆ. ಇವರು ಬಣ್ಣ ಬರಿಸುವ ಕಿಣ್ವವನ್ನು ಜೋಡಿಸಿಕೊಂಡ ವಿಷಕಣಗಳು. ಅವರ ಜೊತೆಯಲ್ಲೇ ಹಾಲೂ ಒಳಕ್ಕೆ ಬರುತ್ತದೆ. ಹಾಲಿನಲ್ಲಿ ವಿಷವಿದ್ದರೆ ಅದರ ಕಣಗಳು ರುಮಾಲಿಲ್ಲದ ಅತಿಥಿಗಳಂತೆ ನುಗ್ಗಿ ಎಲೆ ಹಿಡಿಯುತ್ತವೆ. ಎಲೆ ಸಿಕ್ಕದವರನ್ನೆಲ್ಲ ತೊಳೆದು ಹೊರಕ್ಕೆ ಕಳುಹಿಸಿದ ಮೇಲೆ ಕುಳಿತಿರುವ ರುಮಾಲುಗಳನ್ನು ಎಣಿಸಿದರಾಯಿತು. ರುಮಾಲು ಹೆಚ್ಚಿದ್ದರೆ ಹೊರಗಿನವರು ಬಂದಿಲ್ಲ. ರುಮಾಲು ಕಡಮೆಯಾಗಿದ್ದರೆ ಆ ಜಾಗದಲ್ಲಿ ಯಾರೋ ಕುಳಿತಿದ್ದಾರೆ. ಎಂದರೆ, ಗುಳಿಯಲ್ಲಿ ಬಣ್ಣ ಗಾಢವಾದಷ್ಟೂ ಹಾಲು ಶುದ್ಧ. ಬಣ್ಣ ಪೇಲವವಾದಷ್ಟೂ ಹಾಲು ಕೆಟ್ಟದ್ದು.

ಪ್ರಯೋಗಶಾಲೆಯ ಹೊರಗೆ ಬಳಸುವ ಕಾಗದದ ಪಟ್ಟಿಯೂ ಇದೇ ತತ್ತ್ವದ್ದು. ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಕಟ್ಟಿಕೊಂಡ ಪ್ರತಿಕಾಯಗಳು ಹಾಲಿನೊಡನೆ ಪಟ್ಟಿಯ ಮೇಲೆ ಹರಿದುಹೋಗುತ್ತವೆ. ಹಾಲಿನಲ್ಲಿ ವಿಷವಿಲ್ಲದಿದ್ದರೆ ಅವು ಪಟ್ಟಿಯ ಮೇಲೆ ಗೆರೆಯಾಗಿ ಅಂಟಿಸಿಟ್ಟ ವಿಷವನ್ನು ಹಿಡಿದು ಅಲ್ಲಿ ಕೆಂಪು ಗೆರೆಯನ್ನು ಮೂಡಿಸುತ್ತವೆ. ವಿಷವಿದ್ದರೆ ಆ ಗೆರೆ ಮಾಸುತ್ತದೆ. ಪಟ್ಟಿ ಸರಿಯಾಗಿ ಕೆಲಸಮಾಡುತ್ತಿದೆಯೆಂಬುದಕ್ಕೆ ಸಾಕ್ಷಿಯಾಗಿ ಎರಡನೆಯ ಗೆರೆಯೊಂದು ಪಕ್ಕದಲ್ಲಿ ಯಾವಾಗಲೂ ನಿಲ್ಲುತ್ತದೆ. ಕೆಲವು ನಿಮಿಷಗಳಲ್ಲಿ ಮುಗಿಯುವ ಕೆಲಸ ಇದು. ಆದರೆ ಪ್ರತಿಕಾಯವೂ ಒಮ್ಮೊಮ್ಮೆ ಹೋಲಿಕೆಯಿಂದ ಮೋಸಹೋಗುತ್ತದೆ. ಅಣ್ಣನನ್ನು ತಮ್ಮನೆಂದು ಭ್ರಮಿಸುತ್ತದೆ. ಆದ್ದರಿಂದ ಪಟ್ಟಿ ಸಂಶಯಪಟ್ಟ ಹಾಲನ್ನು ದೊಡ್ಡ ಯಂತ್ರದಲ್ಲಿ ಮತ್ತೆ ಪರೀಕ್ಷಿಸಿದ ಮೇಲೆಯೇ ತೀರ್ಪು ಕೊಡಬೇಕು.

ಯಾರ ತಪ್ಪು?

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿ ಮರುವರ್ಷ ವರದಿಯನ್ನು ಹೊರಡಿಸಿತು. ಆರೋಗ್ಯಕ್ಕೆ ಕೇಡು ತರುವ ಕಲಬೆರಕೆ ಕಂಡುಬಂದದ್ದು ಕೇವಲ 12 ಮಾದರಿಗಳಲ್ಲಿ. ಅಫ್ಲಟಾಕ್ಸಿನ್ ಎಂ1 ಮಿತಿಮೀರಿದ್ದು 368 ಮಾದರಿಗಳಲ್ಲಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ನಮ್ಮ ಗುಮಾನಿ ಇಷ್ಟು ದಿನ ತಪ್ಪು ಬಾಗಿಲನ್ನು ತಟ್ಟುತ್ತಿತ್ತೆಂಬುದು ಹೊಳೆಯದೆ ಇರದು. ಹಾಲಿನವನ ಕೈಯನ್ನು ನೋಡುತ್ತಿದ್ದೆವು. ಹಸುವಿನ ಗೋದಲಿಯನ್ನು ನೋಡಲಿಲ್ಲ.

ಹಾಗೆಂದ ಮಾತ್ರಕ್ಕೆ ಹಿಂಡಿಯನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಕಡಲೆಕಾಯಿ ಹಿಂಡಿ ಕಸವಲ್ಲ; ಬಡವರ ನಾಡಿನಲ್ಲಿ ಅದೊಂದು ಸಂಪತ್ತು. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದವರು ಕಡಲೆಕಾಯಿಯ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರೆಸಿ, ಹೊಟ್ಟೆಗಿಲ್ಲದ ಮಕ್ಕಳಿಗೆಂದು ‘ಬಹೂಪಯೋಗಿ ಆಹಾರ’ವನ್ನು ತಯಾರಿಸಿದ್ದು ಈ ಸಂಪತ್ತನ್ನು ಅರಿತೇ. ಅದೇ ಕಾಲದಲ್ಲಿ ಟರ್ಕಿ ಕೋಳಿಗಳ ಸಾವು ಈ ಹಿಟ್ಟಿನ ಬಗೆಗೆ ಜಗತ್ತನ್ನೇ ಎಚ್ಚರಿಸಿತು. ಬೂಷ್ಟು ನೇರವಾಗಿ ಮನುಷ್ಯನ ತಟ್ಟೆಗೇ ಬಂದರೆ ಏನಾಗುವುದೆಂಬುದನ್ನು 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡ ಜಿಲ್ಲೆಗಳು ಕಂಡವು. ಅಕಾಲದ ಮಳೆಯಲ್ಲಿ ನೆನೆದ ಮೆಕ್ಕೆಜೋಳವನ್ನು ಬೇರೆ ಗತಿಯಿಲ್ಲದೆ ಉಂಡ ಬುಡಕಟ್ಟಿನ ಜನರಲ್ಲಿ ಕಾಮಾಲೆ ಹಬ್ಬಿತು. ವೈದ್ಯರು ದಾಖಲೆ ಮಾಡಿದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಕಾಳು ಕೆಟ್ಟಿದೆಯೆಂದು ಕಣ್ಣಿಗೆ ಕಂಡರೂ ಬಿಸುಡಲಾರದ ಸ್ಥಿತಿಯೇ ಅಲ್ಲಿ ಮೊದಲನೆಯ ವಿಷ.

ಮಿತಿಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ನಮ್ಮಲ್ಲಿಯೂ ಅಮೆರಿಕದಲ್ಲಿಯೂ 0.5 ಮೈಕ್ರೋಗ್ರಾಂ ಸಲ್ಲುತ್ತದೆ. ಯೂರೋಪಿನ ಒಕ್ಕೂಟದಲ್ಲಿ ಅದರ ಹತ್ತರಲ್ಲೊಂದು ಪಾಲಾದ 0.05 ಮಾತ್ರ. 2012ರ ಬೇಸಿಗೆಯಲ್ಲಿ ಸರ್ಬಿಯ ದೇಶದಲ್ಲಿ ಬರ ಬಂದು ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯಿತು. 2013ರ ಆರಂಭದಲ್ಲಿ ಹಾಲಿನಲ್ಲಿ ವಿಷ ಕಂಡಿತು. ಅಲ್ಲಿಯ ಸರ್ಕಾರ ಮಿತಿಯನ್ನು 0.05ರಿಂದ 0.5ಕ್ಕೆ ಏರಿಸಿತು. ನಿನ್ನೆ ಕುಡಿಯಬಾರದಾಗಿದ್ದ ಹಾಲು ಇಂದು ಕುಡಿಯಬಹುದಾದ ಹಾಲಾಯಿತು. ಹಾಲು ಬದಲಾಗಲಿಲ್ಲ, ಗೆರೆ ಬದಲಾಯಿತು. ಇದನ್ನು ಕೇಳಿ ನಗುವುದು ಸುಲಭ. ಆದರೆ ಲಕ್ಷಾಂತರ ಲೀಟರ್ ಹಾಲನ್ನು ಚರಂಡಿಗೆ ಚೆಲ್ಲಿ ರೈತನನ್ನೂ ಮಗುವನ್ನೂ ಬರಿಗೈಯಲ್ಲಿ ಕಳುಹಿಸುವ ಹೊಣೆ ಹೊತ್ತವನಿಗೆ ಆ ನಗು ಬರಲಾರದು.

ನಮ್ಮ ಹಳ್ಳಿಗಳಲ್ಲಿ ಸಂಘಕ್ಕೆ ಎರಡು ಹೊತ್ತು ಹಾಲು ಹಾಕುವವರು ಒಂದೆರಡು ಹಸು ಕಟ್ಟಿಕೊಂಡವರೇ ಹೆಚ್ಚು. ಇವರ ಹಾಲೆಲ್ಲ ಒಂದೇ ಕ್ಯಾನಿನಲ್ಲಿ ಬೆರೆಯುತ್ತದೆ. ಪರೀಕ್ಷೆ ನಗರದಲ್ಲಿ ನಡೆದು ಇಡೀ ಕ್ಯಾನು ತಿರಸ್ಕೃತವಾದರೆ ಒಬ್ಬನ ಹಿಂಡಿಯ ದೋಷಕ್ಕೆ ಐವತ್ತು ಮನೆಗಳು ದಂಡ ತೆರಬೇಕಾಗುತ್ತದೆ. ಆ ಒಬ್ಬನಿಗಾದರೂ ತಾನು ಕೊಂಡ ಹಿಂಡಿಯಲ್ಲಿ ಏನಿತ್ತೆಂಬುದು ತಿಳಿದಿರಲಿಲ್ಲ. ಆದ್ದರಿಂದ ಪ್ರತಿಕಾಯದ ಈ ಕಣ್ಣು ನಗರದ ಕಾರ್ಖಾನೆಯ ಬಾಗಿಲಲ್ಲಿ ಮಾತ್ರ ತೆರೆದರೆ ಸಾಲದು. ಹಳ್ಳಿಯ ಸಂಘದಲ್ಲಿಯೂ, ಅದಕ್ಕೂ ಮುಂಚೆ ಹಿಂಡಿ ಮಾರುವ ಅಂಗಡಿಯಲ್ಲಿಯೂ ತೆರೆಯಬೇಕು. ಇದು ಕನಸಿನ ಮಾತಲ್ಲ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವರು ತಮ್ಮಲ್ಲಿಯೇ ಪ್ರತಿಕಾಯಗಳನ್ನು ತಯಾರಿಸಿ, ಹಾಲು ಮತ್ತು ಹಾಲಿನ ಸಿಹಿತಿಂಡಿಗಳಲ್ಲಿ ಎಂ1ಅನ್ನು ಅಳೆಯುವ ಎಲಿಸಾ ವಿಧಾನವನ್ನು 2002ರಲ್ಲಿಯೇ ಪ್ರಕಟಿಸಿದ್ದಾರೆ.

ಈ ವಿಷದ ವಿಷಯದಲ್ಲಿ ಪ್ರಕೃತಿ ಒಂದು ದಯೆಯನ್ನು ಉಳಿಸಿದೆ. ಕೆಟ್ಟ ಮೇವನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ತಾನಾಗಿಯೇ ತಿಳಿಯಾಗುತ್ತದೆ. ಹಸುವನ್ನು ಮಾರಬೇಕಾಗಿಲ್ಲ, ಔಷಧ ಕುಡಿಸಬೇಕಾಗಿಲ್ಲ. ಕಾಯಿಯನ್ನು ಚೆನ್ನಾಗಿ ಒಣಗಿಸಿ, ಮೂಟೆಯನ್ನು ನೆಲದಿಂದ ಮೇಲೆತ್ತಿಟ್ಟು, ಬೂಷ್ಟು ಹಿಡಿದದ್ದನ್ನು ಧೈರ್ಯವಾಗಿ ಬಿಸುಡಬೇಕು. ಬಿಸುಟವನಿಗೆ ಆ ನಷ್ಟವನ್ನು ತಾಳುವಷ್ಟು ಆಸರೆಯನ್ನು ಸಮಾಜ ಕೊಡಬೇಕು. ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟದ್ದು.

ಹಂಸ ಹಾಲನ್ನು ನೀರಿನಿಂದ ಬೇರ್ಪಡಿಸಿತು. ಪ್ರತಿಕಾಯ ಯಾವುದನ್ನೂ ಬೇರ್ಪಡಿಸಿ ಕೊಡುವುದಿಲ್ಲ. ಹಾಲನ್ನು ಮುಟ್ಟಿ ನೋಡಿ ಕೊಟ್ಟಿಗೆಯ ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೆ. ತನಗೆ ಬೇಡವಾದದ್ದು ಮೂಕಪ್ರಾಣಿಗೆ ಸಲ್ಲುತ್ತದೆಂಬ ಹಳೆಯ ಲೆಕ್ಕವನ್ನು ಮನುಷ್ಯ ತಿದ್ದಿಕೊಳ್ಳುವವರೆಗೂ ಅದು ತೋರಿಸಿದ ಬೆರಳು ಅಲ್ಲಿಯೇ ನಿಂತಿರುತ್ತದೆ.